ಅಜ್ಜಿಯ ಲಂಗ, ಮ್ಯೂಸಿಯಂ ಲಂಗ

ಲಿಥುವೇನಿಯಾದ ಜಾನಪದ ಉಡುಪು ಅಂತ ಗೂಗಲ್‌ನಲ್ಲಿ ಹುಡುಕಿದರೆ ಸಿಗೋದು ಹೆಚ್ಚುಕಮ್ಮಿ ಒಂದೇ ಥರದ ಚಿತ್ರ. ಹಸಿರು ಹುಲ್ಲು, ಹೊಂಬಣ್ಣದ ಜಡೆ, ಬಿಳಿ ಅಂಗಿ, ಚೌಕಳಿ ಲಂಗ, ಅದರ ಮುಂದೊಂದು ಏಪ್ರನ್, ಸೊಂಟಕ್ಕೆ ನೇಯ್ದ ಪಟ್ಟಿ, ತಲೆಗೆ ಕಿರೀಟ, ಕೊರಳಲ್ಲಿ ಅಂಬರ್ ಮಣಿಸರ. ಕೆಳಗೆ ಯಾರೋ 'ಸಾವಿರಾರು ವರ್ಷಗಳ ಪರಂಪರೆ' ಅಂತ ಬರೆದಿರುತ್ತಾರೆ. ಲಿಥುವೇನಿಯನ್ ಭಾಷೆ ಸಂಸ್ಕೃತಕ್ಕೆ ಹತ್ತಿರ, ಅವರ 'ಉಗ್ನಿಸ್' ನಮ್ಮ 'ಅಗ್ನಿ' ಅನ್ನೋ ವಾಟ್ಸಾಪ್ ಫಾರ್ವರ್ಡ್ ಓದಿದವರು ಈ ಸಾವಿರಾರು ವರ್ಷವನ್ನೂ ಸುಲಭವಾಗಿ ನಂಬಿಬಿಡುತ್ತಾರೆ. ಭಾಷೆಯ ಮಾತು ನಿಜ. ಈಗ ಮಾತಾಡುತ್ತಿರುವ ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಹಳೆಯ ರೂಪಗಳನ್ನು ಅದು ಉಳಿಸಿಕೊಂಡಷ್ಟು ಬೇರೆಯವು ಉಳಿಸಿಕೊಂಡಿಲ್ಲ ಅಂತ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಬಟ್ಟೆಯ ಕಥೆ ಮಾತ್ರ ಬೇರೆ.

ಈಗ 'ಜಾನಪದ ಉಡುಪು' ಅಂತ ಕರೆಯೋದು ಹೆಚ್ಚಾಗಿ ಹದಿನೆಂಟನೇ ಶತಮಾನದ ಕೊನೆಯಿಂದ ಹತ್ತೊಂಬತ್ತರ ಮಧ್ಯದವರೆಗೆ ಅಲ್ಲಿನ ರೈತ ಹೆಂಗಸರು ಹಬ್ಬ, ಚರ್ಚು, ಮದುವೆಗೆ ಹಾಕುತ್ತಿದ್ದ ಬಟ್ಟೆಯನ್ನು. ಹೊಲದಲ್ಲಿ ಬೆಳೆದ ಅಗಸೆ, ಮನೆಯ ಕುರಿಯ ಉಣ್ಣೆ. ಅಗಸೆ ಅಂದರೆ ನಮಗೆ ಚಟ್ನಿಪುಡಿ. ಅವರಿಗೆ ಅದೇ ಗಿಡ ಅಂದರೆ ನೂಲು. ಗಿಡವನ್ನು ಬೇರುಸಮೇತ ಕಿತ್ತು, ನೆನೆಹಾಕಿ, ಒಣಗಿಸಿ, ಬಡಿದು, ಬಾಚಿ, ನಾರು ತೆಗೆದು, ಚಳಿಗಾಲದ ಉದ್ದ ರಾತ್ರಿಗಳಲ್ಲಿ ನೂತು, ವಸಂತ ಬರುವ ಹೊತ್ತಿಗೆ ಮಗ್ಗಕ್ಕೆ ಏರಿಸೋದು. ಈ ಕೆಲಸ ಮಾಡುತ್ತಿದ್ದವರು ಹೆಂಗಸರು, ಹೆಚ್ಚಿನವರು ಜೀತದಲ್ಲಿದ್ದ ಮನೆಗಳವರು. ಆಗ ಆ ನಾಡು ರಷ್ಯಾದ ಝಾರ್ ಕೈಯಲ್ಲಿತ್ತು. ಜೀತ ಹೋಗಿದ್ದು 1861ರಲ್ಲಿ. ಅಂದರೆ ಫೋಟೋದಲ್ಲಿ ನಾವು ಮೆಚ್ಚಿಕೊಳ್ಳೋ ಆ ಬಿಳಿ ಲಿನನ್‌ನ ಹಿಂದೆ ಧಣಿಯ ಹೊಲದಲ್ಲಿ ದುಡಿದು ಬಂದು, ಉಳಿದ ಹೊತ್ತಲ್ಲಿ ನೂತ ಕೈಗಳಿವೆ.

ಒಂದೇ ಉಡುಪು ಅಂತಲೂ ಇರಲಿಲ್ಲ. ಪೂರ್ವ ಮತ್ತು ಉತ್ತರದ ಔಕ್ಷ್ತೈತಿಯಾದಲ್ಲಿ ಬಿಳಿ ಹೆಚ್ಚು. ಏಪ್ರನ್ ಕೂಡ ಬಿಳಿ, ಕೆಳ ಅಂಚಲ್ಲಿ ಮಾತ್ರ ಕೆಂಪು ನೇಯ್ಗೆ. ಪಶ್ಚಿಮದ ಝೆಮೈತಿಯಾದಲ್ಲಿ ಉದ್ದುದ್ದ ಗೆರೆಗಳ ಲಂಗ, ಭುಜಕ್ಕೊಂದು ತಲೆಗೊಂದು ಅಂತ ಶಾಲು, ಕಾಲಿಗೆ ಮರದ ಕೆರ. ದಕ್ಷಿಣದ ಜೂಕಿಯಾದಲ್ಲಿ ಸಣ್ಣ ಸಣ್ಣ ಚೌಕಳಿ, ಹಲವು ಬಣ್ಣ. ನೈಋತ್ಯದ ಸುವಾಲ್ಕಿಯಾದ್ದು ಶ್ರೀಮಂತ ನೆಲ, ಅಲ್ಲಿನ ಏಪ್ರನ್‌ಗಳ ಮೇಲೆ ದೊಡ್ಡ ದೊಡ್ಡ ಹೂವಿನ ನೇಯ್ಗೆ. ಸಮುದ್ರದ ಕಡೆಯ ಕ್ಲೈಪೆಡಾ ಪ್ರದೇಶ ಪ್ರಷ್ಯಾದ ಆಳ್ವಿಕೆಯಲ್ಲಿ, ಲೂಥರನ್ ಧರ್ಮದ ನೆರಳಲ್ಲಿ ಬೆಳೆದದ್ದು. ಅಲ್ಲಿ ಬಣ್ಣ ಗಾಢ, ಗಂಭೀರ. ಆದರೆ ಸೊಂಟಕ್ಕೆ ಕಟ್ಟಿಕೊಳ್ಳೋ 'ದೆಲ್ಮೋನಾಸ್' ಅನ್ನೋ ಚೀಲದ ಮೇಲೆ ಮಾತ್ರ ಕಸೂತಿಯ ಹಬ್ಬ. ಲಂಗಕ್ಕೆ ಜೇಬಿಲ್ಲದ್ದಕ್ಕೆ ಜೇಬನ್ನೇ ಹೊರಗೆ ಕಟ್ಟಿಕೊಂಡರು. ಹೆಂಗಸರ ಬಟ್ಟೆಗೆ ಜೇಬು ಯಾಕಿಲ್ಲ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ ಅಲ್ವಾ!

ಇಷ್ಟರಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟಿದ್ದು 'ಯುವೋಸ್ತಾ', ಸೊಂಟದ ಪಟ್ಟಿ. ಅಗಲ ನಾಲ್ಕು ಬೆರಳೂ ಇರೋದಿಲ್ಲ, ಉದ್ದ ಎರಡು-ಮೂರು ಮೀಟರ್. ಹಾಸಿನ ಎಳೆಗಳನ್ನು ಕೈಯಿಂದ ಒಂದೊಂದಾಗಿ ಎಣಿಸಿ ಎತ್ತಿ, ಹೊಕ್ಕು ಹಾಯಿಸಿ ಚಿತ್ತಾರ ತರಬೇಕು. ಒಂದು ಎಳೆ ತಪ್ಪಿದರೆ ಮುಂದಿನ ಸಾಲಿನಲ್ಲಿ ಗೊತ್ತಾಗುತ್ತದೆ. ಎತ್ತು ಅಥವಾ ಎತ್ತಬೇಡ, ಎರಡೇ ಆಯ್ಕೆ. ಸೊನ್ನೆ-ಒಂದು ಅಂತ ಬದುಕೋ ನಮ್ಮಂಥವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಹುಡುಗಿ ಮದುವೆಗೆ ಮುಂಚೆ ಪೆಟ್ಟಿಗೆ ತುಂಬ ಇವನ್ನು ನೇಯ್ದಿಡಬೇಕಿತ್ತು. ಮದುವೆಯಲ್ಲಿ ಗಂಡಿನ ಕಡೆಯ ನೆಂಟರಿಗೆಲ್ಲ ಕೊಡೋಕೆ ಬೇಕು. ಹೊಸ ಮನೆಗೆ ಹೋದ ಮೇಲೆ ಬಾವಿಗೂ ಒಂದು ಕಟ್ಟೋದಿತ್ತು. ಕೂಸನ್ನು ಸುತ್ತೋಕೆ ಅದೇ ಪಟ್ಟಿ, ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸೋಕೂ ಅದೇ. ಕ್ಲೈಪೆಡಾ ಕಡೆ ಪಟ್ಟಿಯಲ್ಲಿ ಅಕ್ಷರಗಳನ್ನೇ ನೇಯ್ದರು: ಹೆಸರು, ಇಸವಿ, ಹಾರೈಕೆ.

ಇನ್ನು ತಲೆ. ಲಿಥುವೇನಿಯಾದ ಹಳ್ಳಿಯಲ್ಲಿ ಹೆಂಗಸು ಯಾರು ಅನ್ನೋದನ್ನು ತಲೆ ಹೇಳುತ್ತಿತ್ತು. ಮದುವೆಯಾಗದವಳಿಗೆ ಕಿರೀಟ, ಇಲ್ಲವೇ ರೂತಾ ಅನ್ನೋ ಸಣ್ಣೆಲೆ ಗಿಡದ ದಂಡೆ. ರೂತಾ ಕನ್ಯೆಯ ಗುರುತು, ಈಗ ಅದೇ ಅವರ ರಾಷ್ಟ್ರೀಯ ಹೂವು. ಮದುವೆಯ ಶಾಸ್ತ್ರದಲ್ಲಿ ದಂಡೆ ತೆಗೆದು ತಲೆಗೆ ಬಟ್ಟೆ ಸುತ್ತುತ್ತಿದ್ದರು. ಹಳೆಯ ಕ್ರಮದಲ್ಲಿ ಅದು 'ನುವೊಮೆತಾಸ್', ಉದ್ದನೆಯ ಬಿಳಿ ಲಿನನ್. ಕೂದಲು ಪೂರ್ತಿ ಮುಚ್ಚಿ, ಹಿಂದೆ ಇಳಿಬಿಡೋದು. ಆಮೇಲೆ ಗಂಡನ ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಬರಿದಲೆಯಲ್ಲಿ ಕಾಣಿಸಿಕೊಳ್ಳೋ ಹಾಗಿಲ್ಲ. ಹಾಡುಗಳಲ್ಲಿ ದಂಡೆ ಹೋದದ್ದಕ್ಕೆ ಅಳೋ ಹುಡುಗಿಯರು ಬೇಕಾದಷ್ಟಿದ್ದಾರೆ.

ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಇದೆಲ್ಲ ಕರಗಿತು. ಜೀತ ಹೋಗಿತ್ತು, ಕೈಯಲ್ಲಿ ನಾಲ್ಕು ಕಾಸು ಬಂದಿತ್ತು, ಸಂತೆಗೆ ಕಾರ್ಖಾನೆಯ ಬಟ್ಟೆ, ರಾಸಾಯನಿಕ ಬಣ್ಣ ಬಂದಿತ್ತು. ಪೇಟೆಯವರ ಜಾಕೆಟ್, ಪೇಟೆಯವರ ಸ್ಕಾರ್ಫ್. ಇದನ್ನು ಯಾರೂ ಅವರ ಮೇಲೆ ಹೇರಲಿಲ್ಲ. ಆ ಹೆಂಗಸರೇ ಹಳೆಯದನ್ನು ಬಿಟ್ಟರು. ನನಗೆ ಇದು ಆಶ್ಚರ್ಯ ಅನ್ನಿಸೋದಿಲ್ಲ. ನಮ್ಮಜ್ಜಿಗೆ ಮೊದಲ ನೈಲೆಕ್ಸ್ ಸೀರೆ ಬಂದಾಗ ಆಗಿದ್ದ ಖುಷಿಯನ್ನು ಅವಳು ಸಾಯೋವರೆಗೂ ಹೇಳುತ್ತಿದ್ದಳು. ಹಿಂಡಿದ್ರ ಒಂದ ತಾಸಿಗೆ ಒಣಗತಿತ್ತು, ಭಾರ ಇರಲಿಲ್ಲ, ಹೊಲಕ್ಕ ಹೋಗಾಕ ಹಗುರ ಅನ್ನೋಳು. ಕೈಮಗ್ಗದ ಸೀರೆಯ ಮೇಲೆ ಪ್ರೀತಿ ಉಕ್ಕಿದ್ದು ಬೆಂಗಳೂರಿಗೆ ಬಂದ ನಮಗೆ, ಅದೂ ವಾಷಿಂಗ್ ಮೆಷಿನ್ ಕೊಂಡಮೇಲೆ.

ಲಿಥುವೇನಿಯಾದಲ್ಲೂ ಹೀಗೇ ಆಯಿತು. ಹಳ್ಳಿಯವಳು ಪೆಟ್ಟಿಗೆಯ ತಳಕ್ಕೆ ಹಾಕಿದ್ದನ್ನು ಓದಿದವರು ಎತ್ತಿಕೊಂಡರು. ಅವರ ಕಷ್ಟವೂ ಸಣ್ಣದಲ್ಲ. 1864ರಿಂದ 1904ರವರೆಗೆ, ನಲವತ್ತು ವರ್ಷ, ಲ್ಯಾಟಿನ್ ಅಕ್ಷರದಲ್ಲಿ ಲಿಥುವೇನಿಯನ್ ಪುಸ್ತಕ ಅಚ್ಚು ಹಾಕೋದನ್ನೇ ಝಾರ್ ಸರ್ಕಾರ ನಿಷೇಧಿಸಿತ್ತು. ಪ್ರಷ್ಯಾದಲ್ಲಿ ಅಚ್ಚಾದ ಪುಸ್ತಕಗಳನ್ನು ಜನ ಗಡಿ ದಾಟಿಸಿ ಕದ್ದು ತರುತ್ತಿದ್ದರು, ಸಿಕ್ಕಿಬಿದ್ದರೆ ಸೈಬೀರಿಯಾ. ಪೇಟೆಯ ಶಿಷ್ಟ ಭಾಷೆ ಪೋಲಿಷ್ ಅಥವಾ ರಷ್ಯನ್. ಇಂಥ ಹೊತ್ತಲ್ಲಿ ನಾವೂ ಒಂದು ಜನಾಂಗ ಅಂತ ತೋರಿಸೋಕೆ ರಾಜಮನೆತನದ ಉಡುಪು ಹುಡುಕಿದರೆ ಅದು ಪೋಲಿಷ್ ಆಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ರೈತ ಹೆಂಗಸಿನ ಲಂಗ ಒಂದೇ. ವೈದ್ಯರ, ಮೇಷ್ಟ್ರ ಹೆಂಡತಿ ಮಕ್ಕಳು, ನಾಟಕ ಆಡುವವರು, ಹಾಡುವವರು ಅದನ್ನು ಹೊಲಿಸಿ ಹಾಕಿಕೊಂಡರು.

1918ರಲ್ಲಿ ದೇಶ ಸ್ವತಂತ್ರವಾಯಿತು. 1924ರಲ್ಲಿ ಕೌನಸ್‌ನಲ್ಲಿ ಮೊದಲ ಹಾಡಿನ ಹಬ್ಬ, ಸುಮಾರು 3,000 ಗಾಯಕರು. ವೇದಿಕೆ ಬಂದ ಮೇಲೆ ಸಮವಸ್ತ್ರ ಬೇಕಾಯಿತು. ಅಲ್ಲಿಂದ 'ರಾಷ್ಟ್ರೀಯ ಉಡುಪು' ಅನ್ನೋ ಹೊಸ ವಸ್ತು ಹುಟ್ಟಿತು. ಪ್ರದೇಶಗಳ ವ್ಯತ್ಯಾಸ ಅಳಿದು, ಟುಲಿಪ್ ಹೂವಿನ ಚಿತ್ತಾರ ಎಲ್ಲ ಕಡೆ ಬಂತು. ಹಳೆಯ ಹಳ್ಳಿಗಳಲ್ಲಿ ಹೆಂಗಸರಿಗೆ ಹೆಚ್ಚು ಇಷ್ಟವಿದ್ದದ್ದು ಕೆಂಪು ಹವಳ. ಅಂಬರ್ ಎಲ್ಲರ ಕೊರಳಿಗೆ ಬಂದು 'ನಮ್ಮ ಕಲ್ಲು' ಆದದ್ದು ಇಪ್ಪತ್ತನೇ ಶತಮಾನದಲ್ಲಿ. ಇದರ ನಡುವೆಯೇ ಅಂತಾನಾಸ್ ತಮೊಶಾಯ್ತಿಸ್ ಮತ್ತು ಅವರ ಹೆಂಡತಿ ಅನಸ್ತಾಜಿಯಾ ತಮೊಶಾಯ್ತಿಯೆನೆ ಅಂಥವರು ಹಳ್ಳಿ ಹಳ್ಳಿ ಸುತ್ತಿ, ಪೆಟ್ಟಿಗೆಗಳನ್ನು ತೆಗೆಸಿ, ಹಳೆಯ ತುಂಡುಗಳನ್ನು ಸಂಗ್ರಹಿಸಿ, ಅದರಂತೆ ನೇಯೋದನ್ನು ಕಲಿಸಿದರು. ಯುದ್ಧದ ಕೊನೆಗೆ ಸೋವಿಯತ್ ಸೈನ್ಯ ಬಂದಾಗ ದೇಶ ಬಿಟ್ಟು, ಕಡೆಗೆ ಕೆನಡಾದಲ್ಲಿ ನೆಲೆನಿಂತು, ಅಲ್ಲೂ ನೇಯ್ದರು.

ಈಗ ಪ್ರಶ್ನೆ. ಹೀಗೆ ಕೆಲವರು ಕೂತು ಆಯ್ದು, ಕತ್ತರಿಸಿ, ಜೋಡಿಸಿದ್ದನ್ನು ಪರಂಪರೆ ಅನ್ನಬಹುದಾ?

ಒಂದು ಉತ್ತರ ನಮ್ಮ ಪೀಳಿಗೆಗೆ ಬಹಳ ಪ್ರಿಯ. 1983ರಲ್ಲಿ ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ ಸಂಪಾದಿಸಿದ ಒಂದು ಪುಸ್ತಕ ಬಂತು, ಪರಂಪರೆಗಳನ್ನು ಹೇಗೆ ಸೃಷ್ಟಿಸುತ್ತಾರೆ ಅನ್ನೋದರ ಬಗ್ಗೆ. ಸ್ಕಾಟ್‌ಲೆಂಡ್‌ನವರ ಕಿಲ್ಟ್ ಈಗಿನ ರೂಪಕ್ಕೆ ಬಂದದ್ದು ಹದಿನೆಂಟನೇ ಶತಮಾನದಲ್ಲಿ, ಅದೂ ಒಬ್ಬ ಇಂಗ್ಲಿಷ್ ಕಾರ್ಖಾನೆದಾರನಿಂದ ಅಂತ ಹ್ಯೂ ಟ್ರೆವರ್-ರೋಪರ್ ಅದರಲ್ಲಿ ವಾದಿಸಿದ್ದರು. ಅದಾದ ಮೇಲೆ ಯಾರು ಏನು ಉಟ್ಟು ಬಂದರೂ 'ಇದು ಇತ್ತೀಚಿನದು ಗೊತ್ತಾ' ಅನ್ನೋದು ಜಾಣತನದ ಗುರುತಾಯಿತು. ಕಾಲೇಜಲ್ಲಿ ಇಂಥದ್ದು ಕೇಳಿದಾಗ ಥ್ರಿಲ್ ಆಗುತ್ತೆ. ಆದರೆ ಈ ವಾದದಲ್ಲಿ ಒಂದು ಸಡಿಲ ಎಳೆ ಇದೆ. ಒಂದು ವಸ್ತು ಯಾವಾಗ ಹುಟ್ಟಿತು ಅನ್ನೋದರಿಂದ ಅದು ಸುಳ್ಳೋ ನಿಜವೋ ಅಂತ ಹೇಗೆ ತೀರ್ಮಾನ ಆಗುತ್ತೆ? 1820ರ ಲಂಗವನ್ನೂ ಒಂದು ದಿನ ಯಾರೋ ಮೊದಲ ಸಲ ಹಾಗೆ ನೇಯ್ದಿರಲೇಬೇಕು. ಅವತ್ತು ಅವಳ ಅತ್ತೆ ಇದೇನಿದು ಹೊಸ ವೇಷ ಅಂದಿರಲೂಬಹುದು.

ಹಾಗಂತ ಇದರ ಎದುರಿನ ಉತ್ತರವೂ ನನಗೆ ಒಪ್ಪಿಗೆಯಿಲ್ಲ: ಎಲ್ಲವೂ ಎಂದೋ ಯಾರೋ ಕಟ್ಟಿದ್ದೇ, ಹಾಗಾಗಿ ಏನು ಹಾಕಿದರೇನು, ಬಿಡಿ ಅನ್ನೋದು. ಆಫೀಸಿನ ಎಥ್ನಿಕ್ ಡೇ ದಿನ ಬಾಡಿಗೆ ಅಂಗಡಿಯ ಪ್ಲಾಸ್ಟಿಕ್ ಝರಿ ಹಾಕಿಕೊಂಡು ಸೆಲ್ಫಿ ತೆಗೆದರೆ ಮುಗಿಯಿತು ಅನ್ನೋರಿಗೆ ಅದು ಸಾಕು. ನನಗೆ ಸಾಲದು ಅನ್ನಿಸಿದ್ದು ವಿಲ್ನಿಯಸ್‌ನಲ್ಲಿರೋ ನಮ್ಮ ಟೀಮಿನ ಒಬ್ಬ ಸಹೋದ್ಯೋಗಿಯ ಮಾತು ಕೇಳಿದ ಮೇಲೆ.

2024ರ ಬೇಸಿಗೆಯಲ್ಲಿ ಅವರ ಹಾಡಿನ ಹಬ್ಬಕ್ಕೆ ನೂರು ವರ್ಷ. ಬಾಲ್ಟಿಕ್ ದೇಶಗಳ ಈ ಹಬ್ಬಗಳು ಯುನೆಸ್ಕೊ ಪಟ್ಟಿಯಲ್ಲೂ ಇವೆ. ಅವಳು ಒಂದು ಕೋರಸ್‌ನಲ್ಲಿ ಹಾಡುತ್ತಾಳೆ. ಅವಳ ಬಳಿ ಅಜ್ಜಿಯ ಉಡುಪು ಇತ್ತು. ಅಜ್ಜಿ ಸೋವಿಯತ್ ಕಾಲದಲ್ಲಿ ಇದೇ ಹಬ್ಬದಲ್ಲಿ ಹಾಡಿದವಳು. ಅದನ್ನೇ ಹಾಕುತ್ತೀನಿ ಅಂದಾಗ ಕೋರಸ್‌ನಲ್ಲಿ ಒಬ್ಬರು ಸೌಮ್ಯವಾಗಿಯೇ ಹೇಳಿದರಂತೆ: ಅದು ಜಾನಪದ ಉಡುಪಲ್ಲ, ಸೋವಿಯತ್ ಸ್ಟೇಜ್ ಕಾಸ್ಟ್ಯೂಮ್. ಮ್ಯೂಸಿಯಂ ಮಾದರಿ ನೋಡಿ ಹೊಸದು ಮಾಡಿಸು.

ಹೇಳಿದವರು ತಪ್ಪು ಹೇಳಿರಲಿಲ್ಲ. ಸೋವಿಯತ್ ಸರ್ಕಾರ 1946ರಿಂದ ಈ ಹಬ್ಬವನ್ನು ತಾನೇ ನಡೆಸಿತು. ಹಾಡುಗಳ ನಡುವೆ ಲೆನಿನ್, ಸ್ಟಾಲಿನ್ ಹೊಗಳಿಕೆ ಸೇರಿಸಿತು. ಉಡುಪನ್ನು ನಿಲ್ಲಿಸಲಿಲ್ಲ, ಇನ್ನಷ್ಟು ಹಾಕಿ ಅಂದಿತು. ದೂರದಿಂದ ಕಾಣೋಕೆ ಬಣ್ಣ ಢಾಳಾಯಿತು, ಕುಣಿಯೋಕೆ ಲಂಗ ಮೇಲೇರಿತು, ಬಟ್ಟೆ ಅಗ್ಗವಾಯಿತು, ಸಾಲು ಸಾಲು ಒಂದೇ ರೀತಿ. ನಗುತ್ತಿರೋ, ಬಣ್ಣ ಬಣ್ಣದ, ಕೇಳಿದ್ದಕ್ಕೆ ಹಾಡೋ ಜನ ಯಾವ ಸಾಮ್ರಾಜ್ಯಕ್ಕೆ ಬೇಡ? ಅದೇ ಸರ್ಕಾರ ಅದೇ ಜನರನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿತ್ತು. ಹಾಗಾಗಿ ಅಂಥ ಉಡುಪು ಕಂಡರೆ ಅಲ್ಲಿ ಕೆಲವರಿಗೆ ಮೈ ಉರಿಯೋದು ಬರೀ ಫ್ಯಾಶನ್ ವಿಷಯ ಅಲ್ಲ.

ಆದರೆ ಅಜ್ಜಿ? ಅವಳ ಪಾಲಿಗೆ ಅದು ನಾಲ್ಕು ಜನರ ಮಧ್ಯೆ ತನ್ನ ಭಾಷೆಯಲ್ಲಿ ಗಂಟಲೆತ್ತಿ ಹಾಡೋಕೆ ಸಿಕ್ಕ ಒಂದೇ ಬಟ್ಟೆ. ಸರ್ಕಾರ ಒಂದು ಅರ್ಥಕ್ಕೆ ತೊಡಿಸಿತು, ಅವಳು ಇನ್ನೊಂದು ಅರ್ಥಕ್ಕೆ ತೊಟ್ಟಳು. 1980ರ ದಶಕದ ಕೊನೆಗೆ ಆ ದೇಶಗಳು ಹಾಡುತ್ತಲೇ ಬೀದಿಗೆ ಬಂದವು. 1989ರ ಆಗಸ್ಟ್ 23ರಂದು ವಿಲ್ನಿಯಸ್‌ನಿಂದ ತಾಲ್ಲಿನ್‌ವರೆಗೆ ಸುಮಾರು ಇಪ್ಪತ್ತು ಲಕ್ಷ ಜನ ಕೈ ಕೈ ಹಿಡಿದು ನಿಂತರು. ಅಷ್ಟು ವರ್ಷ ಹಾಡು ಬಾಯಲ್ಲಿ ಉಳಿದದ್ದು ಆ 'ನಕಲಿ' ಉಡುಪು ತೊಟ್ಟವರಿಂದಲೂ ಹೌದು.

ಎರಡರಲ್ಲಿ ಯಾವುದು ಅಸಲಿ? ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ, ಮ್ಯೂಸಿಯಂ ಮಾದರಿ ಅಂದರೆ ಒಂದು ಹಳೆಯ ವರ್ಷನ್ ಹಿಡಿದು ಇದಕ್ಕಿಂತ ಮುಂದೆ ಬದಲಾವಣೆ ಬೇಡ ಅಂತ ಫ್ರೀಜ್ ಮಾಡಿದ್ದು. ಯಾವ ವರ್ಷನ್ ಅಂತ ಆರಿಸಿದ್ದು ನಂತರದವರು. ಮ್ಯೂಸಿಯಂನಲ್ಲಿ ಉಳಿದದ್ದೂ ಎಲ್ಲರ ಬಟ್ಟೆಯಲ್ಲ, ಹಬ್ಬಕ್ಕಂತ ಇಟ್ಟದ್ದು, ಉಳ್ಳವರದ್ದು. ದಿನಾ ಉಟ್ಟು ಹರಿದದ್ದು ನೆಲ ಒರೆಸೋ ಬಟ್ಟೆಯಾಗಿ ಮುಗಿದಿರುತ್ತದೆ. ಇಷ್ಟಾದರೂ ಮ್ಯೂಸಿಯಂ ಪಕ್ಷದ ಪರವಾಗಿ ಒಂದು ಮಾತು ಹೇಳಲೇಬೇಕು. ಆ ಪಟ್ಟಿಯ ಎಳೆಗಳನ್ನು ಎಣಿಸಿದ ಹೆಂಗಸರ ಹೆಸರು ಎಲ್ಲೂ ಇಲ್ಲ. ಅವರು ಬಿಟ್ಟುಹೋದ ಸಹಿ ಅಂದರೆ ಆ ಎಣಿಕೆ ಮಾತ್ರ. ಟುಲಿಪ್ ಅಚ್ಚೊತ್ತಿದ ಪಾಲಿಯೆಸ್ಟರ್ ತೋರಿಸಿ 'ಇದೇ ಅವರು ಮಾಡಿದ್ದು' ಅಂದರೆ ಆ ಸಹಿಯನ್ನು ಒರೆಸಿದಂತೆ. ಸತ್ತವರಿಗೆ ಅನ್ಯಾಯ ಆಗಬಹುದಾ ಅಂತ ತತ್ವಶಾಸ್ತ್ರದವರು ಬಹಳ ವಾದ ಮಾಡುತ್ತಾರೆ. ನನಗಂತೂ ಆಗುತ್ತೆ ಅನ್ನಿಸುತ್ತೆ. ಬೇರೊಬ್ಬರ ಕೆಲಸಕ್ಕೆ ಸುಳ್ಳು ಹೆಸರು ಅಂಟಿಸೋದು, ಅವರು ಬದುಕಿದ್ದರೂ ಸತ್ತಿದ್ದರೂ, ಮೋಸವೇ.

ಇಲ್ಲಿ ನನಗೆ ಒಂದು ದಾರಿ ಕಾಣೋದು ಹೀಗೆ. ಮೋಸ ಇರೋದು ಬಟ್ಟೆಯಲ್ಲಲ್ಲ, ಅದರ ಬಗ್ಗೆ ಹೇಳೋ ಮಾತಿನಲ್ಲಿ. ಅಜ್ಜಿಯ ಲಂಗವನ್ನು 'ಇನ್ನೂರು ವರ್ಷ ಹಳೆಯ ಮಾದರಿ' ಅಂದರೆ ಸುಳ್ಳು. 'ನಮ್ಮಜ್ಜಿ ಇದನ್ನು ಹಾಕಿಕೊಂಡು ಹಾಡುತ್ತಿದ್ದಳು' ಅಂದರೆ ಅದರಷ್ಟು ನಿಜವಾದ ಮಾತು ಇನ್ನೊಂದಿಲ್ಲ. ಹೊಸ ಮ್ಯೂಸಿಯಂ ಲಂಗಕ್ಕೂ ಇದೇ ಲೆಕ್ಕ: ಅದು ಹಳೆಯದರ ಶ್ರದ್ಧೆಯ ಪ್ರತಿ. ಅಷ್ಟೇ ಹೇಳಿದರೆ ತೊಂದರೆಯಿಲ್ಲ, ಇದೇ ಶುದ್ಧ, ಉಳಿದವರದ್ದು ಕೊಳಕು ಅಂತ ಹೊರಟರೆ ಅದೂ ಸುಳ್ಳೇ.

ಸಹೋದ್ಯೋಗಿಗೆ ಇದನ್ನು ಹೇಳಿದೆ. ಅವಳು ನಕ್ಕು, ಇದು ಲಂಗಕ್ಕೆ ಸರಿ, ತಲೆಗೆ ಏನು ಮಾಡಲಿ ಅಂದಳು.

ಆ ಪ್ರಶ್ನೆಗೆ ನನ್ನ ಚಂದದ ದಾರಿ ಅಲ್ಲೇ ನಿಂತಿತು. ಯಾಕಂದರೆ ತಲೆಯ ಬಟ್ಟೆ ತಾನೇ ಮಾತಾಡುತ್ತೆ. ಕಿರೀಟ ಅಂದರೆ 'ಮದುವೆಯಾಗಿಲ್ಲ', ನುವೊಮೆತಾಸ್ ಅಂದರೆ 'ಆಗಿದೆ'. ಇದು ಪಕ್ಕದಲ್ಲಿ ನಿಂತು ನಾವು ಬರೆಯೋ ಶೀರ್ಷಿಕೆಯಲ್ಲ, ಬಟ್ಟೆಯೊಳಗೇ ಇರೋ ವಾಕ್ಯ. ಅಜ್ಜಿಯ ಕಾಲದ ಕೋರಸ್‌ನಲ್ಲಿ ಮೊಮ್ಮಕ್ಕಳಿದ್ದವರೂ ಹುಡುಗಿಯರ ಕಿರೀಟ ಇಟ್ಟುಕೊಂಡೇ ಹಾಡಿದರಂತೆ. ಕ್ರಮ ಗೊತ್ತಿದ್ದವರಿಗೆ ಅದು ತಮಾಷೆ. ಈಗ ಕ್ರಮ ಸರಿಪಡಿಸಿದ್ದಾರೆ: ಮದುವೆಯಾದವರಿಗೆ ನುವೊಮೆತಾಸ್ ಇಲ್ಲವೇ ಸ್ಕಾರ್ಫ್. ಇತಿಹಾಸಕ್ಕೆ ನಿಷ್ಠೆ ಅಂದರೆ ಇದೇ. ಆದರೆ ಇದರ ಜೊತೆಗೆ, ಹೆಂಗಸಿನ ಬಗ್ಗೆ ಊರಿಗೆ ಮೊದಲು ಗೊತ್ತಾಗಬೇಕಾದದ್ದು ಅವಳ ಮದುವೆ ಅನ್ನೋ ಹಳೆಯ ನಿಯಮವೂ ವಾಪಸ್ ಬಂತಲ್ಲ?

ಲಿಥುವೇನಿಯನ್ ಹೆಸರುಗಳಲ್ಲೂ ಇದೇ ಕಥೆ. ಮೇಲೆ ಹೇಳಿದ ದಂಪತಿಯ ಹೆಸರು ಮತ್ತೆ ನೋಡಿ. ಗಂಡ ತಮೊಶಾಯ್ತಿಸ್, ಹೆಂಡತಿ ತಮೊಶಾಯ್ತಿಯೆನೆ. ಆ 'ಯೆನೆ' ಅಂದರೆ ಮದುವೆಯಾದವಳು. ಮದುವೆಯಾಗದ ಮಗಳ ಹೆಸರಿಗೆ 'ಆಯ್ತೆ', 'ಯೂತೆ' ಥರದ ಬೇರೆ ಬಾಲ. ಗಂಡಸಿನ ಹೆಸರು ಹುಟ್ಟಿನಿಂದ ಸಾವಿನವರೆಗೆ ಒಂದೇ, ಅವನ ತಲೆಗೂ ಇಂಥ ಯಾವ ಸುತ್ತು ಇಲ್ಲ. ಇದರ ಮೇಲೆ ಅಲ್ಲಿ ಸಾಕಷ್ಟು ಜಗಳವಾಗಿ, 2003ರಲ್ಲಿ ಬರೀ 'ಎ' ಅಂತ ಮುಗಿಯೋ ಚಿಕ್ಕ ರೂಪಕ್ಕೆ ಒಪ್ಪಿಗೆ ಸಿಕ್ಕಿತು. ಅದರಿಂದ ಮದುವೆ ಆಗಿದೆಯೋ ಇಲ್ಲವೋ ಗೊತ್ತಾಗೋದಿಲ್ಲ. ಭಾಷೆ ಹಾಳಾಯಿತು, ಪರಂಪರೆ ಮುಗಿಯಿತು ಅಂದವರಿದ್ದರು. ಭಾಷೆ ಹಾಗೇ ಇದೆ. ಅಷ್ಟು ಹಳೆಯ ರೂಪಗಳನ್ನು ಹೊತ್ತು ತಂದ ಭಾಷೆಗೆ ಒಂದು ಹೊಸ ಬಾಲ ಏನು ಭಾರ?

ನನ್ನ ಸಹೋದ್ಯೋಗಿಯ ಹೆಸರು ಮುಗಿಯೋದು ಆ 'ಎ'ಯಿಂದ. ಮದುವೆಯಾಗಿ ಆರು ವರ್ಷ. ಪಾಸ್‌ಪೋರ್ಟಿನಲ್ಲಿ ಹೇಳದಿರೋದನ್ನು ವೇದಿಕೆ ಮೇಲೆ ತಲೆಯಿಂದ ಯಾಕೆ ಹೇಳಲಿ ಅನ್ನೋದು ಅವಳ ವಾದ. ಹಾಗಂತ ಕಿರೀಟ ಇಡೋದೂ ಅವಳಿಗೆ ಬೇಡ, ಅದು ಸುಳ್ಳು. ಬರಿದಲೆ? ಆ ಉಡುಪಿಗೆ ಬರಿದಲೆ ಅನ್ನೋ ಪದವೇ ಗೊತ್ತಿಲ್ಲ. ವಾಕ್ಯ ಅರ್ಧಕ್ಕೆ ನಿಂತಂತೆ.

ನುವೊಮೆತಾಸ್ ಸುತ್ತಿಕೊಂಡರೆ ತಪ್ಪೇನು, ಈಗ ಅದರ ಅರ್ಥ ಯಾರಿಗೆ ಗೊತ್ತು, ಚಂದದ ಬಿಳಿ ಬಟ್ಟೆ ಅಷ್ಟೇ ತಾನೆ ಅನ್ನಬಹುದು. ಈ ಮಾತು ನನಗೆ ಸರಿಬರೋದಿಲ್ಲ. ಅರ್ಥ ಮರೆತುಹೋಗಿದೆ ಅನ್ನೋ ಧೈರ್ಯದ ಮೇಲೆ ತೊಡೋದಾದರೆ, ಆಮೇಲೆ ಅರ್ಥ ಕಲಿಸೋ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗೋದು ಹೇಗೆ? ಅರ್ಥ ಗೊತ್ತಿದ್ದೇ ತೊಡೋದಾದರೆ ಅದಕ್ಕೊಂದು ಕಾರಣ ಬೇಕು. ಅವಳಿಗೆ ಕಡೆಗೆ ಸಿಕ್ಕ ಕಾರಣ ನಾನು ಯೋಚಿಸಿದ ಯಾವುದೂ ಅಲ್ಲ. ಅವಳ ಅಜ್ಜಿಯ ತಾಯಿ ನುವೊಮೆತಾಸ್ ಸುತ್ತಿಕೊಳ್ಳದ ಪೀಳಿಗೆಯವಳು. ಸಂತೆಯ ಹೂವಿನ ಸ್ಕಾರ್ಫ್ ಕಟ್ಟಿದವಳು. ಕಾರ್ಖಾನೆಯದ್ದು, ರಾಸಾಯನಿಕ ಬಣ್ಣದ್ದು, ಮ್ಯೂಸಿಯಂನವರು ಸಾಮಾನ್ಯವಾಗಿ ಗಾಜಿನೊಳಗೆ ಇಡದಂಥದ್ದು. ಆದರೆ ಅದನ್ನು ಆ ಹೆಂಗಸು ತನ್ನ ದುಡ್ಡು ಕೊಟ್ಟು, ತನಗೆ ಇಷ್ಟವಾಗಿ ಕೊಂಡಿದ್ದಳು. ಅಜ್ಜಿಯ ಲಂಗದ ಮೇಲೆ ಅವಳು ಅಂಥ ಸ್ಕಾರ್ಫನ್ನೇ ಕಟ್ಟಿಕೊಂಡಳು, ಅದನ್ನೂ ಗಲ್ಲದ ಕೆಳಗಲ್ಲ, ಕತ್ತಿಗೆ.

ಕೋರಸ್‌ನ ಆ ಹಿರಿಯರು ಒಪ್ಪಲಿಲ್ಲ. ಲಂಗ ಒಂದು ಕಾಲದ್ದು, ಸ್ಕಾರ್ಫ್ ಇನ್ನೊಂದು ಕಾಲದ್ದು, ಕಟ್ಟಿದ ರೀತಿ ಯಾವ ಕಾಲದ್ದೂ ಅಲ್ಲ ಅಂದರಂತೆ. ಅದೂ ಸರಿಯೇ. ಅವಳನ್ನು ಹಿಂದಿನ ಸಾಲಿಗೆ ನಿಲ್ಲಿಸಿದರು. ಅಲ್ಲಿಂದ ಸೊಂಟದ ಪಟ್ಟಿ ಯಾರಿಗೂ ಕಾಣೋದಿಲ್ಲ ಅನ್ನೋದೊಂದೇ ಅವಳ ಬೇಜಾರು. ಆ ಪಟ್ಟಿಯನ್ನು ಮಾತ್ರ ಅವಳೇ ನೇಯ್ದಿದ್ದಳು, ವಾರಕ್ಕೆರಡು ಸಂಜೆ ಕಲಿತು, ನಾಲ್ಕು ಸಲ ಬಿಚ್ಚಿ.